ಶನಿವಾರದ ಹುಳಿ ಬಿಯರ್: ಬರುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಈ ಸಲ ರುಚಿ ನೋಡುವುದು ಬೆಲ್ಜಿಯಂನ ಲ್ಯಾಂಬಿಕ್ ಎಂಬ ಹುಳಿ ಬಿಯರ್. ಇದಕ್ಕೆ ಯೀಸ್ಟ್ ಹಾಕುವುದಿಲ್ಲ. ಕುದಿಸಿದ ಧಾನ್ಯದ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಗಾಳಿಯಲ್ಲಿರುವ ಯೀಸ್ಟ್, ಬ್ಯಾಕ್ಟೀರಿಯಾ ತಾವಾಗಿಯೇ ಬಂದು ಸೇರುತ್ತವೆ. ಬೇಸಿಗೆಯಲ್ಲಿ ಬೇಡದವೂ ಜಾಸ್ತಿ, ಅದಕ್ಕೇ ಚಳಿಯ ತಿಂಗಳುಗಳಲ್ಲಷ್ಟೇ ಈ ಕೆಲಸ. ಆಮೇಲೆ ಮರದ ಪೀಪಾಯಿಯಲ್ಲಿ 1ರಿಂದ 3 ವರ್ಷ.

ಹೋದ ಸಲ ನಾನು ಫ್ರಿಜ್‌ನಿಂದ ತೆಗೆದು ನೇರವಾಗಿ ಸುರಿದೆ. ಬರೀ ಹುಳಿ, ಬೇರೇನೂ ಗೊತ್ತಾಗಲಿಲ್ಲ! ಈ ಸಲ 12 ಡಿಗ್ರಿ ಹತ್ತಿರ ಬರುವವರೆಗೆ ಕಾಯೋಣ.

ಮೊದಲ ಗುಟುಕಿಗೆ ದವಡೆ ಜುಮ್ಮೆನ್ನುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೆಯದರಲ್ಲಿ ಒಣಹುಲ್ಲು, ಕುದುರೆ ಲಾಯದ ವಾಸನೆ ಸಿಗಬಹುದು. ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ಬ್ರೆಟ್ ಎಂಬ ಕಾಡು ಯೀಸ್ಟಿನ ಕೆಲಸ. ಸೆಂಟ್ ಹಾಕಿಕೊಂಡು ಬರಬೇಡಿ. ಗಾಡಿಯನ್ನೂ ತರಬೇಡಿ.