ಭೀಮೆ ಹುಟ್ಟುವ ಕಾಡಿಗೆ ಹೋಗಿ ಬಂದೆ

ಪ್ರೀತಿಯ ಗೆಳೆಯಾ,

ಯಾದಗಿರಿ ಸೇತುವೆ ಮೇಲೆ ನಿಂತು ನೀನು ಕೇಳಿದ್ದು ನೆನಪಿದೆಯಾ? ‘ನಮ್ಮ ಹೊಲಕ್ಕೆ ಒಂದು ಹನಿ ಬಿದ್ದಿಲ್ಲ, ಹೊಳೆ ನೋಡಿದರೆ ತುಂಬಿ ಹರಿಯುತ್ತಿದೆ. ಇದು ಯಾವ ಊರಿನ ಮಳೆ?’ ಅವತ್ತು ನಾನು ಸುಮ್ನೆ ನಿಂತೆ. ಕಳೆದ ವಾರ ನಮ್ಮ ಭೀಮಾ ಹೊಳೆ ಹುಟ್ಟುವ ಭೀಮಾಶಂಕರಕ್ಕೆ ಹೋಗಿ ಬಂದೆ. ಈಗ ಹೇಳುತ್ತೇನೆ, ಕೇಳು.

ಅದು ಪುಣೆ ಜಿಲ್ಲೆ, ಸಹ್ಯಾದ್ರಿಯ ನೆತ್ತಿ. ಮಂಜು ಎಷ್ಟಿತ್ತೆಂದರೆ ಗುಡಿಗೆ ಇಳಿಯುವ ಮುಂದಿನ ಮೆಟ್ಟಿಲೂ ಕಾಣುತ್ತಿರಲಿಲ್ಲ. ಮುಂಗಾರು ಮೋಡ ಅರಬ್ಬಿ ಸಮುದ್ರದಿಂದ ಬಂದು ಆ ಬೆಟ್ಟಕ್ಕೆ ಬಡಿಯುತ್ತದೆ, ಅಲ್ಲೇ ಸುರಿದು ಹಗುರಾಗುತ್ತದೆ. ನಮ್ಮ ಕಡೆ ಬರುವಷ್ಟರಲ್ಲಿ ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಮೋಡ ನಮಗೆ ತರದ ನೀರನ್ನು ಹೊಳೆ ಹೊತ್ತು ತರುತ್ತದೆ. ನಡುವೆ ಉಜನಿ ಅಣೆಕಟ್ಟು ತುಂಬಿ ಗೇಟು ತೆಗೆದರೆ ನಮ್ಮಲ್ಲಿ ಬಿಸಿಲಿದ್ದರೂ ಪ್ರವಾಹ.

ಪಡುವಣಕ್ಕೆ ಬೆಟ್ಟ ಕಡಿದಂತೆ ನಿಲ್ಲುತ್ತದೆ, ಕೆಳಗೇ ಕೊಂಕಣ. ಸಮುದ್ರ ಅಷ್ಟು ಹತ್ತಿರ! ಆದರೂ ಭೀಮೆ ಅದಕ್ಕೆ ಬೆನ್ನು ಮಾಡಿ ಮೂಡಣಕ್ಕೆ ಹೊರಡುತ್ತಾಳೆ. ದಖ್ಖನ್ ನೆಲ ಆ ಕಡೆಗೇ ವಾಲಿದೆಯಲ್ವಾ. ಪಂಢರಪುರದಲ್ಲಿ ಅರ್ಧಚಂದ್ರದಂತೆ ಬಾಗಿ ಚಂದ್ರಭಾಗೆ ಆಗುತ್ತಾಳೆ. ಗಾಣಗಾಪುರದಲ್ಲಿ ಅಮರ್ಜಾ ಹೊಳೆ ಬಂದು ಅವಳನ್ನು ಸೇರುತ್ತದೆ, ಮುಂದೆ ಕಾಗಿಣಾ. 861 ಕಿಲೋಮೀಟರ್ ನಡೆದು ರಾಯಚೂರಿನ ಕಡ್ಲೂರು ಹತ್ತಿರ ಕೃಷ್ಣೆಯ ಮಡಿಲು.

ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಕಲ್ಲು. ಅಲ್ಲಿ ಕಾಲಡಿ ಎಲ್ಲಾ ಕರಿ ಬಸಾಲ್ಟ್. ಭೂಮಿಯ ಬಿರುಕಿನಿಂದ ಲಾವಾ ಉಕ್ಕಿ ಪದರ ಪದರವಾಗಿ ತಣಿದ ಕಲ್ಲು. ಅದೇ ಜಾತಿಯ ಕಲ್ಲು ಸವೆದು ಸವೆದು ನಮ್ಮ ಎರೆಮಣ್ಣಾಗಿದೆ, ನಮ್ಮ ತೊಗರಿ ಬೇರು ಬಿಟ್ಟಿರುವುದು ಅದರಲ್ಲೇ. ಶಹಾಬಾದ್, ವಾಡಿ ಕಡೆ ಬಂದರೆ ಸುಣ್ಣದಕಲ್ಲು, ನಿಮ್ಮ ಪಡಸಾಲೆಯ ಹಾಸುಗಲ್ಲು. ಯಾದಗಿರಿ ಕೋಟೆ ಗುಡ್ಡ ಗ್ರಾನೈಟ್. ಒಂದೇ ಹೊಳೆಯ ದಾರಿಯಲ್ಲಿ ಮೂರು ಕಲ್ಲು. ಇಷ್ಟು ವರ್ಷ ಅದನ್ನು ತುಳಿದುಕೊಂಡೇ ಓಡಾಡಿದ್ದೇವೆ, ನೋಡಿರಲಿಲ್ಲ.

ಆ ಕಾಡಿನಲ್ಲಿ ಕೆಂದಳಿಲು ಇದೆ, ಮಹಾರಾಷ್ಟ್ರದ ರಾಜ್ಯಪ್ರಾಣಿ. ಬಾಲವೇ ಮೈಯಷ್ಟು ಉದ್ದ. ಒಂದು ಮರದಿಂದ ಇನ್ನೊಂದಕ್ಕೆ ಹಾರಿದ್ದು ಕಂಡೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮಂಜು ನುಂಗಿತು.

ಮುಂದಿನ ಮಳೆಗಾಲಕ್ಕೆ ಇಬ್ಬರೂ ಹೋಗೋಣ. ಶ್ರಾವಣ ಸೋಮವಾರ ಬೇಡ, ಜನ ಜಾಸ್ತಿ. ಬಂದ ಮೇಲೆ ಸನ್ನತಿಗೂ ಹೋಗೋಣ. 1986ರಲ್ಲಿ ಅಶೋಕನ ಶಾಸನ ಸಿಕ್ಕಿದ ಆ ಗುಡಿಯ ಹತ್ತಿರ ಹೊಳೆ ದಂಡೆಯಲ್ಲಿ ಬುತ್ತಿ ಬಿಚ್ಚೋಣ. ಅವ್ವನಿಗೆ ಈಗಲೇ ಹೇಳಿಡು, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಬೇಕು.

ನಿನ್ನ ಗೆಳೆಯ