ಚಿತ್ರ ಮೊದಲು, ಮಾತು ಆಮೇಲೆ: ಮೇಷ್ಟ್ರಾದ ಗೆಳೆಯನಿಗೊಂದು ಪತ್ರ

ತರೀಕೆರೆ

ಪ್ರೀತಿಯ ಗೆಳೆಯ,

ಆಲೂರು ಕಡೆಯ ಶಾಲೆಗೆ ಹೋದ ಮೇಲೆ ನೀನು ಮಾಡಿದ ಮೊದಲ ಫೋನೇ ಮಕ್ಕಳ ಬಗ್ಗೆ. ನನಗೆ ತುಂಬಾ ಖುಷಿಯಾಯಿತು. ಬ್ಯಾಗ್ ಇಲ್ಲದ ಶನಿವಾರ ಒಂದರಿಂದ ಐದನೇ ತರಗತಿಯವರನ್ನೆಲ್ಲ ಒಟ್ಟಿಗೆ ಕೂರಿಸಿಕೊಂಡು ಏನು ಮಾಡಿಸಲಿ ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಇಲ್ಲಿ ಬರೆದರೆ ಬೇರೆ ಮೇಷ್ಟ್ರುಗಳಿಗೂ ಉಪಯೋಗಕ್ಕೆ ಬಂದೀತು.

ಚಿತ್ರದಲ್ಲಿ ಕತೆ ಹೇಳಿಸು ಮಾರಾಯ. ಆದರೆ ಗೆರೆ ಹಾಕಿಟ್ಟ ಚಿತ್ರಕ್ಕೆ ಬಣ್ಣ ತುಂಬಿಸಬೇಡ. ಅದರಲ್ಲಿ ಯೋಚನೆ ಮಾಡುವ ಕೆಲಸ ಯಾರೋ ಮಾಡಿ ಮುಗಿಸಿರುತ್ತಾರೆ. ಇಡೀ ಕತೆಯನ್ನು ನಾಲ್ಕೇ ಚಿತ್ರದಲ್ಲಿ ಹೇಳು ಅಂದು ನೋಡು. ಯಾವುದನ್ನು ಬರೆಯಲಿ, ಯಾವುದನ್ನು ಬಿಡಲಿ ಅಂತ ಮಗು ಪೆನ್ಸಿಲ್ ಕಚ್ಚಿಕೊಂಡು ಕೂರುತ್ತದಲ್ಲ, ಪಾಠ ಆಗುವುದು ಆವಾಗಲೇ.

ನಮ್ಮ ಮೂರನೇ ತರಗತಿಯ ಹುಡುಗಿಯೊಬ್ಬಳು ತೋಟಕ್ಕೆ ಆನೆ ಬಂದ ಕತೆ ಬರೆದಳು. ಮೊದಲ ಚಿತ್ರದಲ್ಲಿ ಮನೆಯವರೆಲ್ಲ ಮಲಗಿದ್ದಾರೆ. ಎರಡನೆಯದರಲ್ಲಿ ಕತ್ತಲ ಕಡೆ ಮುಖ ಮಾಡಿ ಬೊಗಳುವ ನಾಯಿ. ಮೂರನೆಯದರಲ್ಲಿ ಮುರಿದು ಬಿದ್ದ ಬಾಳೆಗಿಡ. ನಾಲ್ಕನೆಯದರಲ್ಲಿ ದೊಡ್ಡ ದೊಡ್ಡ ಹೆಜ್ಜೆ ಗುರುತು, ಅದರೊಳಗೆ ಮಳೆ ನೀರು, ನೀರಲ್ಲಿ ಒಂದು ಕಪ್ಪೆ. ಆನೆಯೇ ಇಲ್ಲ! ‘ಆನೆ ಎಲ್ಲೇ?’ ಅಂತ ಉಳಿದವರು ಕೇಳಿದರು. ‘ಹೋಯ್ತಲ್ಲ’ ಅಂದಳು. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ನಿನ್ನ ಕಡೆಯ ಮಕ್ಕಳಿಗಂತೂ ಆನೆ ಕತೆಗೆ ಬರವಿಲ್ಲ. ಅಲ್ಲಿಂದಲೇ ಶುರು ಮಾಡು.

ಸಾಮಾನಿಗೆ ದುಡ್ಡು ಬೇಕಿಲ್ಲ. ಹಳೇ ಲಗ್ನಪತ್ರಿಕೆ, ರಟ್ಟು, ಮೈದಾ ಅಂಟು, ಇದ್ದಿಲು, ಅರಿಶಿನ, ಕೆಮ್ಮಣ್ಣು ಸಾಕು. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ, ಮುಖವಾಡ ಕತ್ತರಿಸಬಹುದು. ಕಣ್ಣಿನ ತೂತು ಮಾತ್ರ ನೀನೇ ಮಾಡಿಕೊಡು.

ದೊಡ್ಡ ಮಕ್ಕಳಿಗೆ ಕತೆ ಪೆಟ್ಟಿಗೆ ಮಾಡಿಸು. ರಟ್ಟಿನ ಡಬ್ಬಕ್ಕೆ ಮುಂದೆ ಕಿಟಕಿ ಕೊಯ್ದು, ಎರಡು ಪಕ್ಕದಲ್ಲಿ ಒಂದೊಂದು ಕೋಲು ನಿಲ್ಲಿಸಿ. ಮಕ್ಕಳು ಬರೆದ ಹಾಳೆಗಳನ್ನು ಉದ್ದಕ್ಕೆ ಅಂಟಿಸಿ ಕೋಲಿಗೆ ಸುತ್ತಬೇಕು. ಎರಡು ತುದಿಗೂ ಒಂದೊಂದು ಗೇಣು ಖಾಲಿ ಬಿಡಿಸು, ಇಲ್ಲದಿದ್ದರೆ ಮೊದಲ ಚಿತ್ರ ಕೋಲಿನ ಸುತ್ತಲೇ ಉಳಿದುಬಿಡುತ್ತದೆ. ಒಬ್ಬ ತಿರುಗಿಸಲಿ, ಒಬ್ಬಳು ಕತೆ ಹೇಳಲಿ, ಮಾತೇ ಆಡದ ಮಗು ತಗಡಿನ ಡಬ್ಬ ಬಡಿದು ಗುಡುಗು ಮಾಡಲಿ. ಅಂಥ ಮಗುವಿಗೂ ಅಲ್ಲಿ ಒಂದು ಜಾಗ ಸಿಗುತ್ತದೆ, ನನಗೆ ಅದು ಎಲ್ಲಕ್ಕಿಂತ ಮುಖ್ಯ. ಜಪಾನಿನಲ್ಲಿ 1930ರ ದಶಕದಲ್ಲಿ ಮಿಠಾಯಿ ಮಾರುವವರು ಸೈಕಲ್ ಮೇಲೆ ಇಂಥದ್ದೇ ಮರದ ಪೆಟ್ಟಿಗೆ ಕಟ್ಟಿಕೊಂಡು ಬೀದಿ ಬೀದಿಗೆ ಹೋಗುತ್ತಿದ್ದರು. ಚಿತ್ರದ ಹಾಳೆಗಳನ್ನು ಒಂದೊಂದೇ ಎಳೆಯುತ್ತಾ ಮಕ್ಕಳಿಗೆ ಕತೆ ಹೇಳುತ್ತಿದ್ದರು. ಅದಕ್ಕೆ ಕಾಮಿಶಿಬಾಯಿ ಅಂತ ಹೆಸರು.

ನೆರಳಾಟಕ್ಕೆ ಒಂದು ಬಿಳಿ ಪಂಚೆ, ಒಂದು ಟಾರ್ಚ್. ನಮ್ಮ ತೊಗಲುಗೊಂಬೆಯ ತೊಗಲು ತೆಳ್ಳಗಿರುತ್ತದೆ, ಬೆಳಕು ಹಾಯ್ದು ಬಣ್ಣ ಕಾಣುತ್ತದೆ. ರಟ್ಟಿನಲ್ಲಿ ಬರೀ ಕಪ್ಪು ನೆರಳು. ರಟ್ಟಿಗೆ ತೂತು ಕೊರೆದು ಚಾಕಲೇಟಿಗೆ ಸುತ್ತಿರುವ, ಬೆಳಕು ಹಾಯುವ ಕೆಂಪು ಕಾಗದ ಅಂಟಿಸಿದರೆ ರಾಕ್ಷಸನ ಕಣ್ಣು ಕೆಂಪಾಗಿ ಹೊಳೆಯುತ್ತದೆ. ಬೊಂಬೆಯನ್ನು ಟಾರ್ಚಿನ ಹತ್ತಿರ ತಂದರೆ ನೆರಳು ದೊಡ್ಡದಾಗುತ್ತದೆ ಅಂತ ನೀನು ಹೇಳಬೇಡ, ಅವರೇ ಕಂಡುಕೊಳ್ಳಲಿ.

ಇನ್ನೊಂದು ಮಾತು. ನಿನಗೆ ಬೇಲೂರು, ಹಳೇಬೀಡು ಹತ್ತಿರ, ನಿಜ. ಆದರೆ ಚಿತ್ರಕತೆ ತೋರಿಸುವುದಕ್ಕೆ ಮಕ್ಕಳನ್ನು ನಮ್ಮ ತಾಲ್ಲೂಕಿನ ಅಮೃತಾಪುರಕ್ಕೆ ಕರೆದುಕೊಂಡು ಬಾ. ಹಳೇಬೀಡಿನ ಗೋಡೆಯಲ್ಲಿ ಎಷ್ಟು ಶಿಲ್ಪಗಳಿವೆ ಅಂದರೆ ಚಿಕ್ಕವರಿಗೆ ಎಲ್ಲಿ ನೋಡಬೇಕು ಅಂತಲೇ ತಿಳಿಯುವುದಿಲ್ಲ. 1196ರ ಈ ಅಮೃತೇಶ್ವರ ಗುಡಿಯಲ್ಲಿ ಮಂಟಪದ ಹೊರಗೋಡೆಯ ಸುತ್ತ 140 ಫಲಕ ಇವೆ, ಒಂದೊಂದರಲ್ಲಿ ಒಂದೊಂದು ಸಂದರ್ಭ. ದಕ್ಷಿಣಕ್ಕೆ ರಾಮಾಯಣದ 70. ಉತ್ತರಕ್ಕೆ ಕೃಷ್ಣನ ಕತೆ 25, ಮಹಾಭಾರತ 45. ಹೊಯ್ಸಳ ಗುಡಿಗಳಲ್ಲಿ ಕತೆ ಸಾಮಾನ್ಯವಾಗಿ ಪ್ರದಕ್ಷಿಣೆ ಹಾಕುವ ದಿಕ್ಕಿನಲ್ಲೇ ಸಾಗುತ್ತದೆ. ಇಲ್ಲಿ ರಾಮಾಯಣ ಮಾತ್ರ ಅಪ್ರದಕ್ಷಿಣೆಯಾಗಿ ನಡೆದಿದೆ. ಅಂದರೆ ಗೋಡೆಗೆ ಮುಖ ಮಾಡಿ ನಿಂತರೆ ಎಡದಿಂದ ಬಲಕ್ಕೆ, ನಾವು ಓದುವ ಹಾಗೇ. ಉತ್ತರದ್ದು ಬಲದಿಂದ ಎಡಕ್ಕೆ. ಮೊದಲೇ ಹೇಳಿಬಿಡಬೇಡ. ‘ಕತೆ ಎಲ್ಲಿಂದ ಶುರು, ಹುಡುಕಿ’ ಅಂತ ಬಿಟ್ಟುಬಿಡು.

ದೀಪಾವಳಿ ಕಳೆದ ಮೇಲೆ ಯಾವುದಾದರೂ ಶನಿವಾರ ಹೊರಡಿ. ಎಷ್ಟು ಮಕ್ಕಳು ಅಂತ ಒಂದು ವಾರ ಮುಂಚೆ ತಿಳಿಸು, ಮಧ್ಯಾಹ್ನದ ಊಟ ನಮ್ಮ ಶಾಲೆಯಲ್ಲೇ ಮಾಡಿಸುತ್ತೇನೆ. ಪ್ರತಿಯೊಬ್ಬರ ಹತ್ತಿರ ಒಂದು ಹಾಳೆ, ಒಂದು ಪೆನ್ಸಿಲ್, ಕೆಳಗೆ ಇಟ್ಟುಕೊಳ್ಳಲು ಒಂದು ರಟ್ಟು ಇರಲಿ. ಆ ಆನೆ ಹುಡುಗಿಯನ್ನೂ ಕರೆತರುತ್ತೇನೆ, ನಿನ್ನ ಮಕ್ಕಳ ಆನೆ ಕತೆ ಕೇಳಬೇಕಂತೆ ಅವಳಿಗೆ.

ನಿನ್ನ ಗೆಳೆಯ