ಹಿರೇಹಳ್ಳಿಯಿಂದ ಸೋಲದೇವನಹಳ್ಳಿವರೆಗೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹೊಸದಾಗಿ ಬರೆಯುವವರಿಗೆ ಕೊಟ್ಟ ಸಲಹೆ ಓದಿದೆ. ಬೆಳಗಿನ ಜಾವ ನಾಲ್ಕಕ್ಕೆ ಏಳಿ, ಆಗ ಮನೆ ನಿಶ್ಶಬ್ದವಾಗಿರುತ್ತದೆ, ಒಂದು ಗಂಟೆ ಬರೆಯಿರಿ ಅಂತ ಇತ್ತು. ನಾನು ನಾಲ್ಕೂವರೆಗೆ ಏಳುತ್ತೇನೆ. ನಲ್ಲಿ ನೀರು ಬರುವ ದಿನ ನಾಲ್ಕಕ್ಕೇ. ಎರಡು ಡಬ್ಬಿ ಕಟ್ಟಿ, ಹುಳಿ ಕುದಿಸಿ, ಅತ್ತೆಗೆ ತಿಂಡಿ ಮಾತ್ರೆ ಕೊಟ್ಟು ತುಮಕೂರು ಸ್ಟೇಷನ್‌ಗೆ ಓಡಬೇಕು. ಮನೆ ನಿಶ್ಶಬ್ದ ಇರುತ್ತದೆ ಅನ್ನುವುದೇನೋ ನಿಜ. ಮಿಕ್ಸಿ ಹಾಕುವವಳು ನಾನೇ ಅಲ್ವಾ!

ನನಗೆ 46 ವರ್ಷ. ಯಶವಂತಪುರದ ಹತ್ತಿರ ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುತ್ತೇನೆ. ಹದಿನೇಳು ವರ್ಷದಿಂದ ಇದೇ ರೈಲು. ಕಥೆ ಬರೆಯಲು ಶುರು ಮಾಡಿ ನಾಲ್ಕು ವರ್ಷವಾಯಿತು. ಬರೆಯುವುದೆಲ್ಲ ರೈಲಿನಲ್ಲೇ.

ಕ್ಯಾತಸಂದ್ರ ದಾಟುವವರೆಗೆ ಏನೂ ಆಗುವುದಿಲ್ಲ. ‘ಸ್ವಲ್ಪ ಸರೀರಿ’ ಅಂತ ಮೂವರ ಸೀಟಿನಲ್ಲಿ ನಾಲ್ವರು ಕೂತು, ನಿನ್ನೆಯ ಸೀರಿಯಲ್ ಮಾತು ಮುಗಿಯಬೇಕು. ಅವರೆಕಾಯಿ ಕಾಲದಲ್ಲಿ ಎದುರು ಸೀಟಿನವರು ಚೀಲ ಬಿಚ್ಚಿ ಕಾಳು ಬಿಡಿಸುತ್ತಾರೆ, ನನ್ನ ಮಡಿಲಿಗೂ ಒಂದು ಹಿಡಿ ಬೀಳುತ್ತದೆ. ಬೇಡ ಅನ್ನುವ ಹಾಗಿಲ್ಲ. ಹಿರೇಹಳ್ಳಿ ಬಂದ ಮೇಲೆ ಹಾಳೆ ತೆಗೆಯುತ್ತೇನೆ. ಸೋಲದೇವನಹಳ್ಳಿಗೆ ಒಳಗಿಡುತ್ತೇನೆ. ಆಮೇಲೆ ಇಳಿಯುವವರ ನೂಕಾಟ.

ಹಾಳೆಯ ಅಂಚಿನಲ್ಲಿ ಸ್ಟೇಷನ್ ಹೆಸರು ಬರೆದುಕೊಳ್ಳುವುದು ನನ್ನ ಅಭ್ಯಾಸ. ಡಾಬಸ್‌ಪೇಟೆ, ನಿಡವಂದ, ದೊಡ್ಡಬೆಲೆ ಅಂತ. ಅಕ್ಷರ ನೋಡಿದರೂ ಗೊತ್ತಾಗುತ್ತದೆ. ರೈಲು ಓಡುವಾಗ ಬರೆದದ್ದು ಕೋಳಿ ಕಾಲು. ಎಕ್ಸ್‌ಪ್ರೆಸ್ ಮುಂದೆ ಹೋಗಲಿ ಅಂತ ನಿಲ್ಲಿಸಿದಾಗ ಬರೆದದ್ದು ಮುತ್ತು. ಒಮ್ಮೆ ನಿಡವಂದದಲ್ಲಿ ಮುಕ್ಕಾಲು ಗಂಟೆ ನಿಂತೆವು. ಬೋಗಿಯವರೆಲ್ಲ ಶಾಪ ಹಾಕುತ್ತಿದ್ದರು, ನಾನೂ ‘ಹೌದು ಕಣ್ರೀ’ ಅಂದೆ. ಆದರೆ ಒಳಗೊಳಗೇ ಖುಷಿ. ಕಿಟಕಿಯಲ್ಲಿ ಶಿವಗಂಗೆ ಬೆಟ್ಟ, ಕೈಯಲ್ಲಿ ಎರಡು ಪುಟ! ನನ್ನ ಅತಿ ಒಳ್ಳೆಯ ಕಥೆಯ ಅರ್ಧ ಅವತ್ತೇ ಬಂದದ್ದು. ಸಂಬಳದಲ್ಲಿ ಅರ್ಧ ದಿನ ಹೋಯಿತು, ಹೋಗಲಿ.

ಸಮಯಕ್ಕಿಂತ ನನಗೆ ಜಾಸ್ತಿ ಕಷ್ಟ ಕೊಟ್ಟದ್ದು ಮನಸ್ಸು. ಮೊದಮೊದಲು ಫೋನಿನಲ್ಲೇ ಟೈಪ್ ಮಾಡುತ್ತಿದ್ದೆ. ಒಂದು ಸಾಲು ಬರೆಯುವಷ್ಟರಲ್ಲಿ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಟ್ಯಾಂಕರ್ ಜಗಳ. ಅದನ್ನು ನೋಡಿ ಬರುವಷ್ಟರಲ್ಲಿ ಕಥೆಯ ಹೆಂಗಸು ಬಾವಿ ಕಟ್ಟೆಯ ಮೇಲೆ ಹಾಗೇ ಕೂತಿರುತ್ತಿದ್ದಳು, ಯಾಕೆ ಕೂತಿದ್ದಾಳೆ ಅಂತ ನನಗೇ ಮರೆತಿರುತ್ತಿತ್ತು. ಈಗ ಫೋನು ಊಟದ ಚೀಲದ ತಳಕ್ಕೆ, ಮೇಲೆ ಮೊಸರನ್ನದ ಡಬ್ಬಿ. ಅದನ್ನು ಎತ್ತಿ ಫೋನು ತೆಗೆಯುವಷ್ಟು ಸೋಮಾರಿತನ ಬಿಟ್ಟವಳಲ್ಲ ನಾನು.

ಹಾಳೆ ಆಫೀಸಿನದು. ಒಂದು ಬದಿ ಖಾಲಿ ಇರುವ ಹಳೆಯ ಪ್ರಿಂಟು, ಎಸೆಯುವಂಥದ್ದು. ಇದರಿಂದ ಒಮ್ಮೆ ಫಜೀತಿಯಾಯಿತು. ಕಥೆಯ ಒಂದು ಪುಟ ವೋಚರ್ ಫೈಲಿನಲ್ಲಿ ಸೇರಿಕೊಂಡಿತ್ತು. ಆಡಿಟರ್ ಓದಿ ಕೇಳಿದರು, ‘ಈ ಸುಬ್ಬಮ್ಮ ಯಾರು? ಅಣ್ಣನಿಗೆ ಎಂಟು ಸಾವಿರ ಕೊಟ್ಟಿದ್ದಾರೆ, ಲೆಡ್ಜರ್‌ನಲ್ಲಿ ಇಲ್ಲವಲ್ಲ?’ ನನ್ನ ಮುಖ ಕೆಂಪಾಯಿತು. ಅವರು ಮಾತ್ರ ಹಾಳೆ ವಾಪಸ್ ಕೊಡುವಾಗ, ‘ಅಣ್ಣ ವಾಪಸ್ ಕೊಟ್ನಾ?’ ಅಂತ ಮೆಲ್ಲಗೆ ಕೇಳಿದರು. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಒಳ್ಳೆಯ ವಿಮರ್ಶೆ ಅದು.

ನಿಮ್ಮ ಲೇಖನದಲ್ಲಿ ಮಾಸ್ತಿಯವರ ಉದಾಹರಣೆ ಇತ್ತು. ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿಯಾಗಿದ್ದುಕೊಂಡೇ ಅಷ್ಟೆಲ್ಲ ಬರೆದರು, ದೊಡ್ಡ ಮಾತು. ಆದರೆ ಅವರ ಡಬ್ಬಿ ಕಟ್ಟುತ್ತಿದ್ದವರು ಯಾರು ಅಂತ ನನ್ನಂಥವಳಿಗೆ ಕೇಳಬೇಕು ಅನಿಸುತ್ತದೆ. ನಾನು ನೆನೆಯುವುದು ಎಂ.ಕೆ. ಇಂದಿರಾ ಅವರನ್ನು. ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ ಬಂದದ್ದು 1963ರಲ್ಲಿ. ಲೆಕ್ಕ ಹಾಕಿ ನೋಡಿ, ಈಗ ನನ್ನ ವಯಸ್ಸು. ಅವರ ಹಾಗೆ ಬರೆಯುತ್ತೇನೆ ಅಂತ ಹೇಳುತ್ತಿಲ್ಲ. ತಡವಾಯಿತು ಅಂತ ನೆಂಟರು ನಕ್ಕಾಗ ಹೇಳಿಕೊಳ್ಳಲು ಒಂದು ಹೆಸರು ಇರಲಿ ಅಂತ, ಸುಮ್ನೆ.

ಈಗ ನಾನು ಕಾಗದ ಬರೆದ ಕಾರಣಕ್ಕೆ ಬರುತ್ತೇನೆ. ಕಂಪನಿಯ ಜಿಎಸ್‌ಟಿಗೆ ತಿಂಗಳ 11ನೇ ತಾರೀಕು ಜಿಎಸ್‌ಟಿಆರ್-1 ಅಂದರೆ ಮಾರಾಟದ ವಿವರ, 20ಕ್ಕೆ 3ಬಿ ಅಂದರೆ ತೆರಿಗೆಯ ಒಟ್ಟು ಲೆಕ್ಕ ಸಲ್ಲಿಸಬೇಕು. ಅದಕ್ಕೆ ಮುಂಚಿನ ಎರಡು ಮೂರು ದಿನ ರೈಲಿನಲ್ಲೂ ತಲೆ ತುಂಬ ಇನ್‌ವಾಯ್ಸ್ ನಂಬರುಗಳು. ನಮ್ಮ ಬೋಗಿಯಲ್ಲೇ ನನ್ನಂಥ ಲೆಕ್ಕದವರು ನಾಲ್ಕು ಜನ ಇದ್ದೇವೆ, ಒಬ್ಬರು ಚುಟುಕ ಬರೆಯುತ್ತಾರೆ. ನಿಮ್ಮ ಕಥಾಸ್ಪರ್ಧೆಗೆ ಹೋದ ಸಲ ಕೊನೆಯ ದಿನ 20 ಇತ್ತು. ನನ್ನ ಕಥೆ ಕೊನೆಯ ಒಂದು ಪ್ಯಾರಾ ಇಲ್ಲದೆ ಮನೆಯಲ್ಲೇ ಉಳಿಯಿತು. ಸುಬ್ಬಮ್ಮನ ಅಣ್ಣ ಇನ್ನೂ ದುಡ್ಡು ಕೊಟ್ಟಿಲ್ಲ. ಈ ಸಲ ದಯವಿಟ್ಟು 25 ಇಡಿ.

– ಒಬ್ಬ ಓದುಗಿ, ತುಮಕೂರು